ಸಲೂನ್ ಯಂತ್ರಗಳಿಗೊಂದು ರಿಪೇರಿ ಡಬ್ಬಿ

ಸಲೂನ್, ಬ್ಯೂಟಿ ಪಾರ್ಲರ್‌ಗಳಲ್ಲಿ ಕೆಟ್ಟು ನಿಂತ ಯಂತ್ರವನ್ನು ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಮೂರು ಕಾರಣ: ಒಳಗೆ ಸೇರಿದ ಕೂದಲು, ಗಡಸು ನೀರಿನ ಉಪ್ಪು, ಬುಡದಲ್ಲಿ ತುಂಡಾದ ವೈರು. ಬೋರ್ಡ್ ಸುಡುವುದು ಅಷ್ಟಾಗಿ ಇಲ್ಲ. ಡಬ್ಬಿಯನ್ನೂ ಈ ಮೂರರ ಲೆಕ್ಕದಲ್ಲೇ ತುಂಬಿಸಿ.

ಮೊದಲು ಬೇಕಾದದ್ದು ಡಿಜಿಟಲ್ ಮಲ್ಟಿಮೀಟರ್. ಕಂಟಿನ್ಯೂಟಿಗೆ (ವೈರಿನ ದಾರಿ ಕಡಿಯದೆ ಇದೆಯೇ ಎಂದು ನೋಡುವ ಜಾಗ) ಇಟ್ಟಾಗ ಬೀಪ್ ಬರುವಂಥದ್ದೇ ಇರಲಿ. ಟೆಸ್ಟರ್ ಒಂದನ್ನೇ ನಂಬಬೇಡಿ. ನ್ಯೂಟ್ರಲ್ ಕಡಿದಿದ್ದರೂ ಫೇಸ್‌ನಲ್ಲಿ ಅದು ಉರಿಯುತ್ತದೆ. ಮೀಟರನ್ನು ಎಸಿ ವೋಲ್ಟ್‌ನ ದೊಡ್ಡ ರೇಂಜ್‌ಗೆ ಇಟ್ಟು ಸಾಕೆಟ್‌ನಲ್ಲಿ 230ರ ಆಸುಪಾಸು ಇದೆಯೇ ನೋಡಿ. ಕರೆಂಟ್ ಇರುವಾಗ ಮಾಡುವ ಪರೀಕ್ಷೆ ಇದೊಂದೇ. ಮಿಕ್ಕಿದ್ದೆಲ್ಲ ಪ್ಲಗ್ ಕಿತ್ತ ಮೇಲೆ.

ಡಬ್ಬಿಯ ಮುಚ್ಚಳದ ಒಳಗೆ ಒಂದು ಲೆಕ್ಕ ಬರೆದಿಡಿ: 52,900 ಅನ್ನು ವ್ಯಾಟ್‌ನಿಂದ ಭಾಗಿಸಿದರೆ ಹೀಟರಿನ ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ (230 × 230 = 52,900). 750 ವ್ಯಾಟ್ ಸ್ಟೀಮರಿಗೆ ಸುಮಾರು 70, 1200 ವ್ಯಾಟ್ ಹೇರ್ ಡ್ರೈಯರಿಗೆ 44. ಸ್ವಿಚ್ಚನ್ನು ಹೈನಲ್ಲಿಟ್ಟು ಪ್ಲಗ್‌ನ ಎರಡು ಪಿನ್‌ಗಳ ನಡುವೆ (ಅರ್ಥ್ ಪಿನ್ ಬಿಟ್ಟು) ಓಮ್ ಅಳೆಯಿರಿ. ಏನೂ ಬರದಿದ್ದರೆ ದಾರಿ ಎಲ್ಲೋ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಮತ್ತೆ ಪ್ಲಗ್ ಹಾಕಲೇಬೇಡಿ. ಟಚ್ ಬಟನ್ ಇರುವ ಯಂತ್ರಗಳಿಗೆ ಈ ಉಪಾಯ ನಡೆಯುವುದಿಲ್ಲ, ಒಳಗೇ ಅಳೆಯಬೇಕು.

ಡ್ರೈಯರ್ ಸತ್ತಂತಿದ್ದರೆ ಮೊದಲ ಅನುಮಾನ ಹಿಡಿಯ ಬುಡದ ವೈರಿನ ಮೇಲೆ. ಕವರ್ ಬಿಚ್ಚಿ, ವೈರಿನ ಎರಡು ತುದಿಗೆ ಮೀಟರ್ ಹಿಡಿದು ಬುಡವನ್ನು ಬಾಗಿಸಿ. ಬೀಪ್ ಬಿಟ್ಟು ಬಿಟ್ಟು ಬಂದರೆ ಅಲ್ಲೇ ಕತ್ತರಿಸಿ ಮರುಜೋಡಿಸಿ. ಸ್ವಲ್ಪ ಹೊತ್ತು ಓಡಿ ನಿಂತು, ಆರಿದ ಮೇಲೆ ಮತ್ತೆ ಓಡಿದರೆ ಅದು ಹೆಚ್ಚು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ತನ್ನ ಕೆಲಸ ಮಾಡುತ್ತಿರುವುದು: ಹಿಂದಿನ ಜಾಲರಿಯಲ್ಲಿ ಕೂದಲು ಕಟ್ಟಿದೆ. ಹಳೆಯ ಟೂತ್‌ಬ್ರಷ್ ಸಾಕು. ಆರಿದರೂ ಓಡದಿದ್ದರೆ ಥರ್ಮಲ್ ಫ್ಯೂಸ್ (ಮಿತಿ ಮೀರಿ ಕಾದರೆ ಒಮ್ಮೆಗೇ ಕಡಿದುಹೋಗುವ ಫ್ಯೂಸ್) ಹೋಗಿರಬಹುದು. ಅದರ ಮೇಲೆ ಬರೆದಿರುವ ಉಷ್ಣತೆ, ಆಂಪಿಯರ್‌ನದ್ದೇ ಹಾಕಿ, ಬೆಸುಗೆ ಹಾಕದೆ ಕ್ರಿಂಪ್ ಮಾಡಿ (ಲೋಹದ ತೋಳಿನೊಳಗಿಟ್ಟು ಒತ್ತಿ ಕೂಡಿಸಿ). ಬೆಸುಗೆಯ ಕಾವಿಗೆ ಹೊಸ ಫ್ಯೂಸೂ ಹೋಗುತ್ತದೆ; ಉಳಿದುಕೊಂಡರೂ ಕಾಯಿಲ್ ಪಕ್ಕದ ಬೆಸುಗೆ ಕರಗಿ ಬೀಳುತ್ತದೆ. ತಂತಿ ಸುತ್ತಿ ಫ್ಯೂಸನ್ನೇ ದಾಟಿಸುವವರಿದ್ದಾರೆ. ಗಿರಾಕಿಯ ತಲೆಯ ಹತ್ತಿರ ಹಿಡಿಯುವ ಯಂತ್ರ ಅದು. 2000 ವ್ಯಾಟ್ ಡ್ರೈಯರ್ 8.7 ಆಂಪಿಯರ್ ಎಳೆಯುತ್ತದೆ, 6 ಆಂಪಿಯರ್ ಪ್ಲಗ್ ಹಾಕಿದರೆ ಅದು ಕಾದು ಕರಗಬಹುದು. 16ರ ಪ್ಲಗ್, 1.5 ಚದರ ಮಿ.ಮೀ. ವೈರ್ ಹಾಕಿ.

ಟ್ರಿಮ್ಮರಿಗೆ ಬ್ಲೇಡ್ ಆಯಿಲ್ ಇಟ್ಟುಕೊಳ್ಳಿ, ದಿನಕ್ಕೆ ಎರಡು ಮೂರು ಹನಿ. ತೆಂಗಿನೆಣ್ಣೆ ಬೇಡ, ಡಿಸೆಂಬರಿನ ಬೆಂಗಳೂರಿನಲ್ಲಿ ಅದು ಬ್ಲೇಡಿನೊಳಗೇ ಗಟ್ಟಿಯಾಗುತ್ತದೆ. ಕೂದಲು ಎಳೆದರೆ ಬ್ಲೇಡ್ ಬಿಚ್ಚಿ ತೊಳೆದು, ಓಡುವ ಬ್ಲೇಡ್ ನಿಂತ ಬ್ಲೇಡಿಗಿಂತ ಅರ್ಧದಿಂದ 1 ಮಿ.ಮೀ. ಹಿಂದೆ ಇರುವಂತೆ ಕೂರಿಸಿ. ಮುಂದೆ ಬಂದರೆ ಚರ್ಮ ಕೊಯ್ಯುತ್ತದೆ. ವೈರ್ ಇರುವ ಕ್ಲಿಪ್ಪರ್ ಕಟಕಟ ಎಂದರೆ ಪಕ್ಕದ ಪವರ್ ಸ್ಕ್ರೂವನ್ನು ಸದ್ದು ನಿಲ್ಲುವಷ್ಟೇ ತಿರುಗಿಸಿ. ಒಂದೇ ಲಿಥಿಯಂ ಸೆಲ್ ಇರುವುದಾದರೆ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ತೋರಿಸಬೇಕು. ಬೇಗನೆ 3ಕ್ಕೆ ಇಳಿದರೆ ಸೆಲ್ ಬದಲಿಸಿ. ಉಬ್ಬಿದ ಸೆಲ್ಲನ್ನು ಚುಚ್ಚಬೇಡಿ, ಒತ್ತಬೇಡಿ.

ಸ್ಟೀಮರ್ ಬಿಸಿನೀರು ಉಗುಳಿದರೆ ಒಂದೋ ನೀರು ಗೆರೆ ಮೀರಿದೆ, ಇಲ್ಲವೇ ಹೀಟರಿನ ಮೇಲೆ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದೆ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ, ಯಂತ್ರ ಆಫ್ ಇರುವಾಗ ಅರ್ಧ ಗಂಟೆ ನೆನೆಸಿ ಎರಡು ಸಲ ತೊಳೆಯಿರಿ. ಆಮೇಲೆ ಡಿಸ್ಟಿಲ್ಡ್ ನೀರನ್ನೇ ಹಾಕಿ. ಲೋಹದ ಮೈ ಇರುವ ಸ್ಟೀಮರಿನಲ್ಲಿ ಅರ್ಥ್ ಪಿನ್ನಿಗೂ ಮೈಗೂ ನಡುವೆ ಬೀಪ್ ಬರಲೇಬೇಕು.

ಇಷ್ಟಕ್ಕೆ ಬೇಕಾದ ಕೈ ಹತಾರಗಳು ಹೆಚ್ಚೇನಿಲ್ಲ: ಮೂರು ಅಳತೆಯ ಸ್ಟಾರ್ ಸ್ಕ್ರೂಡ್ರೈವರ್, ನಡುವೆ ತೂತಿರುವ ಟಾರ್ಕ್ಸ್ (ಆರು ಮೂಲೆಯ ನಕ್ಷತ್ರದ ತುದಿ) ಬಿಟ್ ಸೆಟ್, ನೋಸ್ ಪ್ಲೈಯರ್, ಕ್ರಿಂಪಿಂಗ್ ಪ್ಲೈಯರ್, ವೈರ್ ಸ್ಟ್ರಿಪ್ಪರ್, ಕುರ್ಚಿಗಾಗಿ ಆಲನ್ ಕೀ ಸೆಟ್, ವೈರಿನ ಜೋಡಣೆ ಮುಚ್ಚುವ ಸ್ಲೀವ್, ಟೇಪ್. ಯುವಿ ಸ್ಟೆರಿಲೈಜರ್ ಪೆಟ್ಟಿಗೆಯಲ್ಲಿ ಚೋಕ್ ಇದ್ದರೆ ಅದು ನಮ್ಮ ಹಳೆಯ ಟ್ಯೂಬ್‌ಲೈಟೇ. ಮಿಣುಕಿದರೆ ಮೊದಲು ಸ್ಟಾರ್ಟರ್ ಬದಲಿಸಿ, ಆಮೇಲೆ ಟ್ಯೂಬು. ಬಾಗಿಲು ತೆರೆದಿಟ್ಟು ಉರಿಸಿ ನೋಡಬೇಡಿ. ಆ ಬೆಳಕು ಕಣ್ಣನ್ನು ಸುಡುತ್ತದೆ.