ಕಿಟ್‌ನೊಳಗಿನ ಕರಪತ್ರ

2019ರ ಆಗಸ್ಟ್. ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಮಲಪ್ರಭೆ ದಂಡೆ ಮೀರಿ ಹರಿದಿತ್ತು. ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತ್ತು ಅಂದಮೇಲೆ ಹೊಳೆ ಪಕ್ಕದ ಮಣ್ಣಿನ ಮನೆಗಳ ಪಾಡು ಕೇಳಬೇಕೇ? ನಾನು ಬಾದಾಮಿ ಕಡೆಯ ಶಾಲಾ ಮಾಸ್ತರ. ಭಾನುವಾರ ನಮ್ಮ ಚರ್ಚ್ ಸಭೆಯ ಯುವಕರ ಗುಂಪು ನೋಡಿಕೊಳ್ಳುತ್ತೇನೆ. ಹನ್ನೊಂದು ಮಂದಿ ಸೇರಿ ಕಾಣಿಕೆ ಎತ್ತಿ ಕಿಟ್ ಕಟ್ಟಿದೆವು. ಜೋಳದ ಹಿಟ್ಟು, ಬೇಳೆ, ಎಣ್ಣೆ, ಖಾರಪುಡಿ, ಒಂದು ಚಾದರ. ಎಲ್ಲದರ ಮೇಲೆ ಒಂದು ಸುವಾರ್ತೆಯ, ಅಂದರೆ ಯೇಸುವಿನ ಸಂದೇಶದ, ಕರಪತ್ರ. ಅದನ್ನು ಇಡೋಣ ಅಂದವನು ನಾನೇ.

ಗಂಜಿ ಕೇಂದ್ರದಲ್ಲಿ ಒಬ್ಬ ಆಯಿ ಚೀಲ ಬಿಚ್ಚಿ, ಕರಪತ್ರ ಹಿಡಿದು ನನ್ನ ಮುಖ ನೋಡಿದಳು. "ನನಗ ಓದಾಕ ಬರೂದಿಲ್ಲರಿ ಮಾಸ್ತರ್ರ. ಹಿಟ್ಟು ವಾಪಸ್ ಕೊಡಬೇಕೇನ್ರಿ?"

ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಕೇಳಿದ್ದಳು.

ಅವತ್ತು ರಾತ್ರಿ ಉಳಿದ ಕಿಟ್‌ಗಳಿಂದ ಕರಪತ್ರ ತೆಗೆದೆವು. ನಮ್ಮಲ್ಲೇ ಜಗಳ ಆಯಿತು. "ಯೇಸುವಿನ ಹೆಸರು ಹೇಳದೆ ಹಂಚಿದರೆ ನಮಗೂ ಬೇರೆ ಸಂಘದವರಿಗೂ ಏನು ಫರಕು?" ಅಂದ ಒಬ್ಬ ಹುಡುಗ. ಪ್ರಶ್ನೆ ಸಣ್ಣದಲ್ಲ. ನನಗೆ ಆಗ ನೆನಪಾಗಿದ್ದು ಬೈಬಲಿನ ಲೂಕ 17ನೇ ಅಧ್ಯಾಯದ ಹತ್ತು ಮಂದಿ ಕುಷ್ಠರೋಗಿಗಳು. ವಾಸಿಯಾದ ಮೇಲೆ ತಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವನೆಂದು ನೋಡುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಕೇಳಿದ, ಹೌದು. ಆದರೆ ಅವರ ರೋಗವನ್ನು ವಾಪಸ್ ಹಚ್ಚಲಿಲ್ಲ.

ಅನ್ನಕ್ಕೂ ಧರ್ಮಕ್ಕೂ ಗಂಟು ಹಾಕುವುದು ನಮ್ಮ ಸೀಮೆಯಲ್ಲಿ ಹಳೇ ಗಾಯ. ಗುಳೇದಗುಡ್ಡದಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1851ರಲ್ಲೇ ಕೆಲಸ ಶುರು ಮಾಡಿತ್ತು. 1876–78ರ ಬರ ಈ ಭಾಗವನ್ನು ಹಿಂಡಿ ಹಾಕಿತು. ಹೊಟ್ಟೆಗಾಗಿ ಜಾತಿ ಬಿಟ್ಟು ಕ್ರೈಸ್ತರಾದವರು ಅನ್ನೋ ಮಾತನ್ನು ನಾವು ಈಗಲೂ ಕೇಳುತ್ತೇವೆ.

ಸುವಾರ್ತೆ ಮತ್ತು ಸೇವೆ ಎರಡೂ ಕ್ರೈಸ್ತರ ಕರ್ತವ್ಯ ಅಂತ 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸೇರಿದ ಸುವಾರ್ತಿಕರು ಒಪ್ಪಿ ಬರೆದರು. ಸೇವೆಯೇ ಸುವಾರ್ತೆಯಲ್ಲ ಅಂತಲೂ ಬರೆದರು. 1982ರಲ್ಲಿ ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ನಡೆದ ಸಭೆ ಸೇವೆಯನ್ನು ಮೂರು ರೀತಿ ನೋಡಿತು: ಸುವಾರ್ತೆಯ ಫಲ, ಸುವಾರ್ತೆಗೆ ಸೇತುವೆ, ಸುವಾರ್ತೆಯ ಜೊತೆಗಾರ. ಸೇತುವೆ ಅನ್ನೋದು ನನಗೆ ಅಷ್ಟು ಹಿಡಿಸುವುದಿಲ್ಲ. ದಾಟುವವನ ಕಣ್ಣು ಆಚೆ ದಂಡೆ ಮೇಲೇ ಇರುತ್ತದೆ, ಅಲ್ವಾ?

ಎರಡನೇ ವಾರ ಕಿಟ್ ಬೇಕಾಗಿಯೇ ಇರಲಿಲ್ಲ. ಲಾರಿಗಟ್ಟಲೆ ಹಳೇ ಬಟ್ಟೆ ಬಂದು ರಸ್ತೆ ಬದಿ ಬಿದ್ದಿತ್ತು. ಜನಕ್ಕೆ ಬೇಕಾಗಿದ್ದು ಸಲಿಕೆ ಹಿಡಿಯುವ ಕೈ. ನೇಕಾರರ ಒಂದು ಮನೆಯಲ್ಲಿ ಮಗ್ಗದ ಕುಣಿ ತುಂಬಾ ಕೆಸರು ತುಂಬಿತ್ತು. ನೇಯುವವರು ಕಾಲು ಇಳಿಬಿಟ್ಟು ಕೂರುವ ತಗ್ಗು ಅದು. ಒಳಗೆ ಇಬ್ಬರು ನಿಲ್ಲುವುದೂ ಕಷ್ಟ. ಬುಟ್ಟಿಯಲ್ಲಿ ಎತ್ತಿ ಎತ್ತಿ ಮೂರು ದಿನ ಹಿಡಿಯಿತು. ಅರ್ಧ ನೇಯ್ದ ಕುಪ್ಪಸದ ಖಣ ಕೊಳೆತು ನಾರುತ್ತಿತ್ತು. ಮನೆಯ ಅಕ್ಕ ಅದನ್ನು ಕತ್ತರಿಸಿ ಎಸೆಯುವಾಗ ನಾವ್ಯಾರೂ ಮಾತಾಡಲಿಲ್ಲ.

ಮೂರನೇ ದಿನ ಚಹಾ ಕೊಡುತ್ತಾ ಆಕೆ ಕೇಳಿದಳು. "ನಿಮಗ ಯಾರು ಪಗಾರ ಕೊಡ್ತಾರ್ರಿ ಇದಕ್ಕ?" ನಮ್ಮ ಹುಡುಗ ಗಾಬರಿಯಿಂದ, "ಯಾರೂ ಇಲ್ರಿ ಯಕ್ಕಾ, ಸುಮ್ನೆ ಬಂದೀವಿ" ಅಂದುಬಿಟ್ಟ. ಇದೂ ತಪ್ಪೇ ಅನ್ನಿಸಿತು ನನಗೆ. ಕೇಳಿದವರಿಗೆ ಮುಚ್ಚಿಡುವುದು ಯಾವ ನ್ಯಾಯ? ನಾನು ಎರಡೇ ಮಾತು ಹೇಳಿದೆ. "ಯೇಸು ನಮ್ಮನ್ನ ಪುಕ್ಕಟೆ ಪ್ರೀತಿ ಮಾಡ್ಯಾನ ಯಕ್ಕಾ. ಅದಕ್ಕ ಬಂದೀವಿ." ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಬನಶಂಕರಿನೂ ಹಂಗ ಅದಾಳ್ರಿ" ಅಂದು ಇನ್ನೊಂದು ಕಪ್ ಬಗ್ಗಿಸಿದಳು.

ಆ ಮನೆಯವರು ಇವತ್ತಿನವರೆಗೂ ನಮ್ಮ ಸಭೆಗೆ ಬಂದಿಲ್ಲ. ಕ್ರಿಸ್‌ಮಸ್‌ಗೆ ನಾನು ಕೇಕಿನ ಡಬ್ಬಿ ಒಯ್ಯುತ್ತೇನೆ. ಸಂಕ್ರಾಂತಿಗೆ ಅದೇ ಡಬ್ಬಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬರುತ್ತದೆ.