ನಾಲಾ ದಂಡೆಗೆ ಟೈಲ್ಸ್ ಹಾಕುವ ಮುನ್ನ: ಅವಳಿ ನಗರದ ಹಳ್ಳಗಳಿಗೆ ಯೋಜನೆ ಸಿದ್ಧಪಡಿಸುವುದು ಹೇಗೆ?

ಹುಬ್ಬಳ್ಳಿ–ಧಾರವಾಡಕ್ಕೆ ಹೇಳಿಕೊಳ್ಳುವಂಥ ನದಿಯಿಲ್ಲ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಆದರೆ ಈ ಅವಳಿ ನಗರ ಕುಳಿತಿರುವುದು ಮಳೆನೀರು ಎರಡು ಕಡಲುಗಳಿಗೆ ಹಂಚಿಹೋಗುವ ದಿಣ್ಣೆಯ ಮೇಲೆ. ಧಾರವಾಡದ ಸೋಮೇಶ್ವರ ದೇವಸ್ಥಾನದ ಬಳಿ ಹುಟ್ಟುವ ಶಾಲ್ಮಲಾ ಪಶ್ಚಿಮದ ದಾರಿ ಹಿಡಿದು, ಬೇಡ್ತಿಯೊಂದಿಗೆ ಬೆರೆತು, ಗಂಗಾವಳಿಯಾಗಿ ಉತ್ತರ ಕನ್ನಡದಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಧಾರವಾಡ ತಾಲ್ಲೂಕಿನಲ್ಲೇ ಹುಟ್ಟುವ ತುಪ್ಪರಿ ಹಳ್ಳ ಪೂರ್ವಕ್ಕೆ ಇಳಿದು ಬೆಣ್ಣೆಹಳ್ಳವನ್ನು ಕೂಡಿಕೊಳ್ಳುತ್ತದೆ. ಆ ನೀರು ಮಲಪ್ರಭೆ ಮತ್ತು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ನದಿಯ ತಲೆಯ ಮೇಲೆ ಕುಳಿತ ಊರಿಗೆ ಒಂದು ಅನುಕೂಲವಿದೆ: ಮೇಲಿನ ಊರಿನವರು ನೀರು ಕೆಡಿಸಿದರು ಎಂದು ದೂರುವಂತಿಲ್ಲ. ಕೆಟ್ಟದ್ದು ಇಲ್ಲಿಯೇ, ಸರಿಪಡಿಸಬೇಕಾದದ್ದೂ ಇಲ್ಲಿಯೇ.

ಹಳ್ಳದ ಪುನಶ್ಚೇತನ ಎಂದ ಕೂಡಲೇ ನಮ್ಮಲ್ಲಿ ದಂಡೆಗೆ ಕಲ್ಲು ಕಟ್ಟುವುದು, ಪಾದಚಾರಿ ಮಾರ್ಗ, ದೀಪದ ಕಂಬ ಮತ್ತು ಕಾರಂಜಿಗಳ ನಕ್ಷೆಯೇ ಮೊದಲು ಮೇಜಿಗೆ ಬರುತ್ತದೆ. ಇವೆಲ್ಲ ಬೇಡವೆಂದಲ್ಲ, ಆದರೆ ಅವು ಬರಬೇಕಾದದ್ದು ಕಟ್ಟಕಡೆಯಲ್ಲಿ. ಪಾಲಿಕೆಯೊಂದು ಈ ಕೆಲಸವನ್ನು ಯಾವ ಕ್ರಮದಲ್ಲಿ ಯೋಜಿಸಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲು ಗಡಿ ಗುರುತಿಸಿ

ಪಾಲಿಕೆಯ ಲೆಕ್ಕವೆಲ್ಲ ವಾರ್ಡ್‌ಗಳಲ್ಲಿ ನಡೆಯುತ್ತದೆ, ನೀರಿನ ಲೆಕ್ಕ ಇಳಿಜಾರಿನಲ್ಲಿ ನಡೆಯುತ್ತದೆ. ಆದ್ದರಿಂದ ಮೊದಲು ಆಗಬೇಕಾದದ್ದು ಅವಳಿ ನಗರದ 82 ವಾರ್ಡ್‌ಗಳ ನಕ್ಷೆಯ ಮೇಲೆ ಜಲಾನಯನದ ಗಡಿಗಳನ್ನು ಎಳೆದು, ಯಾವ ಬೀದಿಯ ಮಳೆ ಯಾವ ಹಳ್ಳಕ್ಕೆ ಇಳಿಯುತ್ತದೆ ಎಂದು ತೀರ್ಮಾನಿಸುವ ಕೆಲಸ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸಮೋನ್ನತಿ ರೇಖೆಗಳ ನಕ್ಷೆ ಇದಕ್ಕೆ ಆಧಾರವಾದೀತು, ಆದರೆ ಅದೊಂದೇ ಸಾಲದು. ಹೊಸ ರಸ್ತೆ, ರೈಲು ಹಳಿ ಮತ್ತು ಬಡಾವಣೆಗಳು ಸಹಜ ಇಳಿಜಾರನ್ನು ಅಲ್ಲಲ್ಲಿ ಕತ್ತರಿಸಿರುವುದರಿಂದ, ಮಳೆಗಾಲದಲ್ಲಿ ನೀರು ನಿಜವಾಗಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ ಎಂಬುದನ್ನು ನಡೆದು ನೋಡಿಯೇ ದಾಖಲಿಸಬೇಕು. ಧಾರವಾಡದ ಟೋಲ್ ನಾಕಾದಲ್ಲಿ ದೊಡ್ಡ ಮಳೆಗೆ ರಸ್ತೆಯೇ ಕೆರೆಯಾಗುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಅಂಥ ಪ್ರತಿಯೊಂದು ಜಾಗವೂ ನಕ್ಷೆಯಲ್ಲಿ ಕಾಣಿಸಿಕೊಳ್ಳಬೇಕು.

ಇದರ ಜೊತೆಗೆ ಕಂದಾಯ ಇಲಾಖೆಯ ಹಳೆಯ ಗ್ರಾಮ ನಕಾಶೆಗಳನ್ನು ತೆಗೆಸಬೇಕು. ಇಂದು ನಗರದ ಹೊಟ್ಟೆಯಲ್ಲಿರುವ ಉಣಕಲ್, ಬಿಡನಾಳ, ಕೆಲಗೇರಿ ಮುಂತಾದವು ಒಂದು ಕಾಲಕ್ಕೆ ಸ್ವತಂತ್ರ ಹಳ್ಳಿಗಳು. ಅವುಗಳ ನಕಾಶೆಯಲ್ಲಿ ಹಳ್ಳದ ಪಾತ್ರ ಎಷ್ಟು ಅಗಲವಿತ್ತು, ಕೆರೆಗೆ ನೀರು ತರುವ ಕಾಲುವೆ ಯಾವ ಸರ್ವೆ ನಂಬರಿನ ಮೂಲಕ ಬರುತ್ತಿತ್ತು ಎಂಬುದು ಸಿಗುತ್ತದೆ. ಪಹಣಿಯಲ್ಲಿ ‘ಬ’ ಖರಾಬು ಎಂದು ನಮೂದಾಗಿರುವ ಹಳ್ಳ, ದಾರಿಗಳು ಸಾರ್ವಜನಿಕ ಬಳಕೆಯವು. ಅವು ಯಾರ ಖಾಸಗಿ ಸ್ವತ್ತೂ ಅಲ್ಲ. ಈ ದಾಖಲೆ ಕೈಯಲ್ಲಿಲ್ಲದೆ ಹೊರಟ ಪಾಲಿಕೆ ಮುಂದೆ ಕೋರ್ಟಿನ ಮೆಟ್ಟಿಲ ಮೇಲೆಯೇ ವರ್ಷಗಳನ್ನು ಕಳೆಯಬೇಕಾಗುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. 1962ರಲ್ಲಿ ಎರಡೂ ಊರುಗಳನ್ನು ಕೂಡಿಸಿ ಒಂದೇ ಪಾಲಿಕೆ ಮಾಡಲಾಯಿತು. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಆಡಳಿತಕ್ಕೆ ಅದು ಒಳ್ಳೆಯದೇ ಇರಬಹುದು, ಆದರೆ ದಿಣ್ಣೆಯ ಎರಡೂ ಬದಿಯ ನೀರಿನ ನಕ್ಷೆ, ಮಳೆಮಾಪನದ ದಾಖಲೆ ಮತ್ತು ಪ್ರಯೋಗಾಲಯದ ಫಲಿತಾಂಶಗಳು ಹರಿದು ಹಂಚಿಹೋಗದಂತೆ ನೋಡಿಕೊಳ್ಳಲು, ನಗರಾಭಿವೃದ್ಧಿ ಪ್ರಾಧಿಕಾರ, ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಸಣ್ಣ ನೀರಾವರಿ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ ಹಾಗೂ ಕೆಳಹರಿವಿನ ಗ್ರಾಮ ಪಂಚಾಯಿತಿಗಳು ಕೂರುವ ಒಂದು ಜಂಟಿ ಸಮಿತಿ ಬೇಕೇ ಬೇಕು. ತಾಂತ್ರಿಕ ನೆರವಿಗೆ ದೂರ ಹೋಗಬೇಕಿಲ್ಲ. ಧಾರವಾಡದಲ್ಲಿಯೇ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ, ಅಂದರೆ ವಾಲ್ಮಿ ಇದೆ, ಕೃಷಿ ವಿಶ್ವವಿದ್ಯಾಲಯವಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ.

ಎರಡು ಬಗೆಯ ನೀರು, ಎರಡು ಲೆಕ್ಕ

ನಕ್ಷೆ ಸಿದ್ಧವಾದ ಮೇಲೆ ನೀರಿನ ಪ್ರಮಾಣ ಅಳೆಯಬೇಕು. ಕೊಳಚೆ ನೀರಿನ ಲೆಕ್ಕ ಸರಳ. 2011ರ ಜನಗಣತಿಯ ಪ್ರಕಾರ ಅವಳಿ ನಗರದ ಜನಸಂಖ್ಯೆ 9.43 ಲಕ್ಷ. ಒಳಚರಂಡಿ ಇರುವ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಪೂರೈಕೆಯಾಗಬೇಕು, ಅದರಲ್ಲಿ ಶೇ 80ರಷ್ಟು ಬಳಸಿದ ನೀರಾಗಿ ಹೊರಬರುತ್ತದೆ ಎಂಬುದು ವಿನ್ಯಾಸಕ್ಕೆ ಬಳಸುವ ಮಾನದಂಡ. ಈ ಲೆಕ್ಕದಲ್ಲಿ ಹಳೆಯ ಜನಸಂಖ್ಯೆಗೇ ದಿನಕ್ಕೆ ಸುಮಾರು 10 ಕೋಟಿ ಲೀಟರ್ ಆಗುತ್ತದೆ. ಇಂದಿನ ಜನಸಂಖ್ಯೆ ಅದಕ್ಕಿಂತ ಹೆಚ್ಚು. ವಾರಕ್ಕೊಮ್ಮೆ ನಲ್ಲಿ ನೀರು ಬರುವ ಮನೆಗಳಲ್ಲಿ ಬಳಕೆ ಕಡಿಮೆಯಿದ್ದರೂ ಕೊಳವೆಬಾವಿಯ ನೀರು ಆ ಕೊರತೆಯನ್ನು ತುಂಬುತ್ತದೆ. ಸಂಸ್ಕರಣಾ ಘಟಕಗಳ ಒಟ್ಟು ಸಾಮರ್ಥ್ಯವನ್ನೂ, ಅವುಗಳಿಗೆ ನಿಜವಾಗಿ ಬಂದು ಮುಟ್ಟುವ ನೀರನ್ನೂ ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ, ಉಳಿದದ್ದೆಲ್ಲ ಹಳ್ಳಕ್ಕೆ ಹೋಗುತ್ತಿದೆ ಎಂದೇ ಅರ್ಥ.

ಮಳೆನೀರಿನ ಲೆಕ್ಕ ಹಾಗಲ್ಲ. ನೂರು ಹೆಕ್ಟೇರ್ ಪ್ರದೇಶದ ಮೇಲೆ ಗಂಟೆಗೆ 50 ಮಿಲಿಮೀಟರ್ ವೇಗದಲ್ಲಿ ಮಳೆ ಸುರಿಯುತ್ತಿದೆ ಎಂದುಕೊಳ್ಳೋಣ. ಅಲ್ಲಿ ಹೊಲ, ಹುಲ್ಲುಗಾವಲು ಇದ್ದು ಶೇ 30ರಷ್ಟು ಮಾತ್ರ ಹರಿದುಹೋದರೆ, ಹಳ್ಳಕ್ಕೆ ಸೆಕೆಂಡಿಗೆ ನಾಲ್ಕು ಘನ ಮೀಟರಿನಷ್ಟು ನೀರು ಬರುತ್ತದೆ. ಅದೇ ಜಾಗ ಕಾಂಕ್ರೀಟು, ತಾರಸಿ, ಪೇವರ್ಸ್ ಆಗಿ ಶೇ 80ರಷ್ಟು ಹರಿದುಬಂದರೆ ಆ ಪ್ರಮಾಣ ಹನ್ನೊಂದು ಘನ ಮೀಟರ್ ದಾಟುತ್ತದೆ. ಹಳ್ಳದ ಅಗಲ ಮಾತ್ರ ಅಷ್ಟೇ ಇರುತ್ತದೆ, ಒತ್ತುವರಿಯಾಗಿದ್ದರೆ ಇನ್ನೂ ಕಿರಿದು. 2019ರ ಆಗಸ್ಟ್ ಮಳೆಗೆ ಉಣಕಲ್ ಕೆರೆ ಕೋಡಿ ಬಿದ್ದಾಗ ನಾಲಾ ಪಕ್ಕದ ಮನೆಗಳಿಗೆ ನೀರು ನುಗ್ಗಿದ್ದಕ್ಕೂ, ನವಲಗುಂದ ಸೀಮೆಯಲ್ಲಿ ಬೆಣ್ಣೆಹಳ್ಳ ಉಕ್ಕಿದಾಗ ಹೊಲಗಳು ಮುಳುಗುವುದಕ್ಕೂ ಈ ಗಣಿತದೊಡನೆ ಸಂಬಂಧವಿದೆ. ಆದ್ದರಿಂದ ಹೊಸ ಬಡಾವಣೆಗೆ ಅನುಮೋದನೆ ಕೊಡುವಾಗಲೇ, ಬಡಾವಣೆಯಾದ ಮೇಲೆ ಅಲ್ಲಿಂದ ಹರಿದುಬರುವ ನೀರಿನ ರಭಸ ಮೊದಲಿಗಿಂತ ಹೆಚ್ಚಾಗಬಾರದು ಎಂಬ ಷರತ್ತನ್ನು ನಗರದ ಮಹಾಯೋಜನೆಯ (ಮಾಸ್ಟರ್ ಪ್ಲ್ಯಾನ್) ವಲಯ ನಿಯಮಗಳಲ್ಲಿ ಸೇರಿಸಬೇಕು.

ಗಟಾರದ ನೀರನ್ನು ಹಳ್ಳದಿಂದ ಬಿಡಿಸುವುದು

ಇಡೀ ಯೋಜನೆಯ ಹೃದಯ ಈ ಹಂತ. ಹೆಚ್ಚಿನ ಯೋಜನೆಗಳು ಎಡವುವುದೂ ಇಲ್ಲಿಯೇ. ಕೆಲಸವನ್ನು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಅಡ್ಡಮಳೆ ಶುರುವಾಗುವ ಮೊದಲೇ ಆರಂಭಿಸಬೇಕು. ಮಳೆಯಿಲ್ಲದ ದಿನ ನಾಲಾದಲ್ಲಿ ಹರಿಯುತ್ತಿರುವುದೆಲ್ಲ ಬಹುಮಟ್ಟಿಗೆ ಕೊಳಚೆಯೇ. ದಂಡೆಗುಂಟ ನಡೆಯುತ್ತ, ಒಳಬರುವ ಪ್ರತಿಯೊಂದು ಕೊಳವೆ, ಗಟಾರ, ಕಾಲುವೆಗೆ ಸಂಖ್ಯೆ ಕೊಟ್ಟು, ಬೆಳಿಗ್ಗೆ, ಮಧ್ಯಾಹ್ನ ಮತ್ತು ಸಂಜೆ ಅದರ ಹರಿವನ್ನು ಅಳೆಯಬೇಕು. ಸಣ್ಣ ಹರಿವಿಗೆ ಒಂದು ಬಕೆಟ್ಟು ಮತ್ತು ಗಡಿಯಾರ ಸಾಕು. ದೊಡ್ಡದಕ್ಕೆ ಹಲಗೆ ಅಡ್ಡಗಟ್ಟಿ ಅಳೆಯುವ ವಿಧಾನವಿದೆ. ಎಲ್ಲ ಬಾಯಿಗಳನ್ನೂ ಒಂದೇ ಸಲಕ್ಕೆ ಮುಚ್ಚಲು ಹೊರಡುವ ಅಗತ್ಯವಿಲ್ಲ. ಅಳತೆಯಾದರೆ, ಹೊಲಸಿನ ಬಹುಪಾಲನ್ನು ತರುವ ದೊಡ್ಡ ಬಾಯಿಗಳು ಯಾವುವೆಂದು ತಿಳಿಯುತ್ತದೆ, ಹಣವನ್ನು ಮೊದಲು ಅಲ್ಲಿ ಹಾಕಬಹುದು.

ಮುಂದಿನದು ಮನೆ ಸಂಪರ್ಕ. ಒಳಚರಂಡಿ ಕೊಳವೆ ಬೀದಿಯಲ್ಲಿ ಹಾದುಹೋಗಿದ್ದರೂ ಬಚ್ಚಲ ನೀರು ತೆರೆದ ಗಟಾರಕ್ಕೇ ಬೀಳುವ ಮನೆಗಳು ಹಳೆಯ ಓಣಿಗಳಲ್ಲಿ ಹೇರಳವಾಗಿವೆ. ಸಂಪರ್ಕ ಶುಲ್ಕವೇ ಅಡ್ಡಿಯಾಗಿದ್ದರೆ ಬಡ ಕುಟುಂಬಗಳಿಗೆ ಪಾಲಿಕೆ ಅದನ್ನು ಮನ್ನಾ ಮಾಡುವುದು, ಹಳ್ಳದ ದಡದಲ್ಲಿ ಇನ್ನೊಂದು ಘಟಕ ಕಟ್ಟುವುದಕ್ಕಿಂತ ಅಗ್ಗ. ಮುಖ್ಯ ಒಳಚರಂಡಿ ಕೊಳವೆಯನ್ನು ಹಳ್ಳದ ಪಾತ್ರದೊಳಗೇ ಹಾಕಿ, ಅದರ ಮೇಲೆ ಕಾಂಕ್ರೀಟ್ ಸುರಿಯುವ ಪರಿಪಾಠವಂತೂ ನಿಲ್ಲಬೇಕು. ಮ್ಯಾನ್‌ಹೋಲ್‌ಗಳು ಪ್ರವಾಹದಲ್ಲಿ ಮುಳುಗಿದಾಗ ಮಳೆನೀರು ಕೊಳವೆಗೂ, ಕೊಳಚೆ ಹಳ್ಳಕ್ಕೂ ಹೋಗುತ್ತದೆ; ಎರಡೂ ವ್ಯವಸ್ಥೆಗಳು ಒಟ್ಟಿಗೇ ಕೆಡುತ್ತವೆ.

ಕೊಳವೆ ಎಳೆಯಲಾಗದ ತಗ್ಗಿನ ಬಡಾವಣೆಗಳಲ್ಲಿ ಅಲ್ಲಲ್ಲಿಯೇ ಸಣ್ಣ ಘಟಕ ಸ್ಥಾಪಿಸಬಹುದು. ಜಲ್ಲಿಕಲ್ಲಿನ ತಳದ ಮೇಲೆ ಜೊಂಡು ಬೆಳೆಸಿ ನೀರು ಶುದ್ಧಗೊಳಿಸುವ ಕೃತಕ ಜೌಗು ವಿಧಾನಕ್ಕೆ ವಿದ್ಯುತ್ ಹೆಚ್ಚು ಬೇಕಿಲ್ಲ, ಆದರೆ ಜಾಗ ಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಣಾ ಘಟಕದಿಂದ ಹೊರಬಂದ ನೀರು ಜೌಗು ಪ್ರದೇಶವನ್ನು ಹಾದು ಕೆರೆ ಸೇರುತ್ತದೆ. ಘಟಕ ಮತ್ತು ಜೌಗು ಒಂದಕ್ಕೊಂದು ಪೂರಕ, ಒಂದರ ಬದಲು ಇನ್ನೊಂದಲ್ಲ.

ಕೆಳಗಿನ ರೈತರನ್ನು ಕೇಳದೆ ಮುಂದುವರಿಯಬೇಡಿ

ಹುಬ್ಬಳ್ಳಿಯ ನಾಲಾ ನೀರನ್ನು ಪಂಪ್ ಹಚ್ಚಿ ಎತ್ತಿ, ಬಿಡನಾಳ, ಗಬ್ಬೂರ, ಕಟ್ನೂರ ಭಾಗದ ರೈತರು ದಶಕಗಳಿಂದ ತರಕಾರಿ ಬೆಳೆಯುತ್ತ ಬಂದಿದ್ದಾರೆ. ಬೇಸಿಗೆಯಲ್ಲೂ ಬತ್ತದ, ಗೊಬ್ಬರದ ಅಂಶವಿರುವ ಈ ನೀರು ಅವರ ಬದುಕಿಗೆ ಆಧಾರ. ಅದೇ ನೀರಿನಿಂದ ಅವರ ಕೈಕಾಲಿಗೆ ಕಜ್ಜಿ, ಮಕ್ಕಳ ಹೊಟ್ಟೆಗೆ ಹುಳು, ಪೇಟೆಯಲ್ಲಿ ಕೊಳ್ಳುವವರಿಗೆ ರೋಗಾಣುಗಳ ಅಪಾಯವೂ ಇದೆ. ಪಾಲಿಕೆ ಕೊಳಚೆಯನ್ನು ತಡೆದು, ಸಂಸ್ಕರಿಸಿದ ನೀರನ್ನು ಕೈಗಾರಿಕೆಗೆ ಮಾರಿಬಿಟ್ಟರೆ ಪುಸ್ತಕದಲ್ಲಿ ಅದು ಯಶಸ್ಸು. ಹೊಲದಲ್ಲಿ ಮಾತ್ರ ಬೇಸಿಗೆಯ ಬೆಳೆ ಒಣಗುತ್ತದೆ. ಹಾಗಾಗಿ ಸಂಸ್ಕರಿಸಿದ ನೀರಿನಲ್ಲಿ ಅವರ ಪಾಲು ಎಷ್ಟು, ಯಾವ ತಿಂಗಳಲ್ಲಿ ಎಷ್ಟು ಬಿಡಬೇಕು ಎಂಬುದು ಯೋಜನಾ ವರದಿಯಲ್ಲಿಯೇ ಬರಹದಲ್ಲಿ ಇರಬೇಕು. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಯಂಥ ಬೆಳೆಗಳ ಬದಲು ಬೇರೆ ಬೆಳೆಗೆ ಹೊರಳಲು ಹಾಗೂ ಹನಿ ನೀರಾವರಿ ಅಳವಡಿಸಲು ಕೃಷಿ ವಿಶ್ವವಿದ್ಯಾಲಯದ ಮಾರ್ಗದರ್ಶನ ಪಡೆಯಬಹುದು. ಈ ಗ್ರಾಮಗಳವರನ್ನು ಸಮಿತಿಯ ಮೊದಲ ಸಭೆಗೇ ಕರೆಯಬೇಕು. ಟೆಂಡರ್ ಮುಗಿದ ಮೇಲೆ ನಡೆಸುವ ‘ಸಾರ್ವಜನಿಕ ಅಹವಾಲು’ ಯಾರಿಗೂ ಉಪಯೋಗವಿಲ್ಲ.

ದಂಡೆ ಮತ್ತು ಒತ್ತುವರಿ

ಹಳ್ಳದ ದಂಡೆಗುಂಟ ಕಟ್ಟಡ ಕಟ್ಟದೆ ಕಾಯ್ದಿರಿಸುವ ಅಂಚು ಎಷ್ಟು ಮೀಟರ್ ಇರಬೇಕು ಎಂಬ ನಿಯಮ ರಾಜ್ಯದಲ್ಲಿ ಚರ್ಚೆಯಾಗುತ್ತ, ತಿದ್ದುಪಡಿಗೆ ಒಳಗಾಗುತ್ತ ಬಂದಿರುವುದರಿಂದ, ವರದಿ ಸಿದ್ಧಪಡಿಸುವ ದಿನ ಜಾರಿಯಲ್ಲಿರುವ ಆದೇಶವನ್ನೇ ಆಧಾರವಾಗಿ ಹಿಡಿಯಬೇಕು. ನಿಯಮದ ಅಂಚಿಗಿಂತ ಪ್ರವಾಹದ ಅಂಚು ಅಗಲವಾಗಿದ್ದರೆ ಪ್ರವಾಹದ ಅಂಚನ್ನೂ ನಕ್ಷೆಯಲ್ಲಿ ತೋರಿಸಿ, ಅಲ್ಲಿ ಹೊಸ ಕಟ್ಟಡಕ್ಕೆ ಪರವಾನಗಿ ನಿಲ್ಲಿಸುವುದು ಜಾಣತನ. ತೆರವಿಗೆ 1964ರ ಭೂಕಂದಾಯ ಕಾಯ್ದೆ ಮತ್ತು 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ಅಧಿಕಾರವಿದೆ, ಕೊರತೆಯಿರುವುದು ಅಧಿಕಾರದ್ದಲ್ಲ. ತೆರವು ಎಲ್ಲಿಂದ ಶುರುವಾಗಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ನಾಲಾದೊಳಗೆ ಗೋಡೆ ತಂದ ದೊಡ್ಡ ಕಟ್ಟಡಗಳಿಂದ, ಸರ್ಕಾರಿ ಕಟ್ಟಡಗಳಿದ್ದರೆ ಅವುಗಳಿಂದಲೂ. ಪರ್ಯಾಯ ಮನೆ ಸಿದ್ಧವಾಗುವ ತನಕ ಗುಡಿಸಲುಗಳನ್ನು ಮುಟ್ಟಬಾರದು.

ಕೆರೆ ಮತ್ತು ಮೇಲಿನ ನೆಲ

ಉಣಕಲ್ ಮತ್ತು ಕೆಲಗೇರಿ ಕೆರೆಗಳಿಗೆ ಯೋಜನೆಯಲ್ಲಿ ಎರಡು ಹೊಣೆಗಳಿವೆ, ಮಳೆಗಾಲದಲ್ಲಿ ನೆರೆಯನ್ನು ತಡೆಹಿಡಿಯುವುದು, ಬೇಸಿಗೆಯಲ್ಲಿ ನೀರು ಉಳಿಸಿಕೊಳ್ಳುವುದು. ಈ ಎರಡೂ ಒಂದಕ್ಕೊಂದು ಎದುರು. ಕೆರೆ ಜೂನ್‌ನಲ್ಲೇ ತುಂಬಿದ್ದರೆ ಆಗಸ್ಟ್‌ನ ದೊಡ್ಡ ಮಳೆಗೆ ಅದರಲ್ಲಿ ಜಾಗವಿರುವುದಿಲ್ಲ. ತೂಬು ಯಾವ ಮಟ್ಟದಲ್ಲಿ, ಯಾರ ಆದೇಶದ ಮೇಲೆ ತೆರೆಯಬೇಕು ಎಂಬ ಲಿಖಿತ ನಿಯಮ ಕೆರೆಗೊಂದರಂತೆ ಬೇಕು. ಅಂತರಗಂಗೆಯನ್ನು ಯಂತ್ರದಿಂದ ತೆಗೆಸುವುದು ಹಣ ಖರ್ಚು ಮಾಡುವ ಸುಲಭ ದಾರಿ. ಕೊಳಚೆಯ ಪೋಷಕಾಂಶ ಒಳಗೆ ಬರುತ್ತಿರುವವರೆಗೆ ಅದು ಮತ್ತೆ ಹಬ್ಬುತ್ತದೆ. ಹೂಳೆತ್ತುವ ಮೊದಲು ಹೂಳನ್ನು ಭಾರಲೋಹಗಳಿಗಾಗಿ ಪರೀಕ್ಷಿಸಬೇಕು, ಫಲಿತಾಂಶ ಬರದೆ ಅದನ್ನು ಹೊಲಕ್ಕೆ ಹಾಕಿಸಬಾರದು.

ನೀರಿಂಗಿಸುವಲ್ಲಿ ಮಣ್ಣನ್ನು ನೋಡಿಯೇ ಮುಂದುವರಿಯಬೇಕು. ಧಾರವಾಡದ ಕಡೆಯ ಕೆಂಪು, ಜಂಬಿಟ್ಟಿಗೆಯ ನೆಲದಲ್ಲಿ ಇಂಗುಗುಂಡಿ, ಬದು, ಗಿಡ ನೆಡುವಿಕೆ ಚೆನ್ನಾಗಿ ಫಲ ಕೊಡುತ್ತವೆ. ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೋದಂತೆ ಎರೆಭೂಮಿ ಶುರುವಾಗುತ್ತದೆ; ಒಮ್ಮೆ ನೆನೆದು ಉಬ್ಬಿದ ಎರೆಮಣ್ಣು ನೀರನ್ನು ಬಹಳ ನಿಧಾನವಾಗಿ ಒಳಬಿಡುತ್ತದೆ. ಅಲ್ಲಿ ಇಂಗುಗುಂಡಿಗಿಂತ ತಾರಸಿ ನೀರಿನ ತೊಟ್ಟಿ, ತಗ್ಗಾದ ಆಟದ ಮೈದಾನ, ಕೃಷಿಹೊಂಡದಂಥ ಸಂಗ್ರಹದ ವ್ಯವಸ್ಥೆಗಳೇ ಸರಿ. ಒಂದೇ ಮಾದರಿ ನಕ್ಷೆಯನ್ನು ಇಡೀ ನಗರಕ್ಕೆ ಅಂಟಿಸುವ ಗುತ್ತಿಗೆದಾರರಿಗೆ ಈ ವ್ಯತ್ಯಾಸ ರುಚಿಸುವುದಿಲ್ಲ.

ಅಲಂಕಾರ, ಹಣ, ಅಳತೆ

ಉಣಕಲ್ ನಾಲಾ ಗುಂಟ ನಡಿಗೆ ಮತ್ತು ಸೈಕಲ್‌ಗಾಗಿ ಹಸಿರು ಮಾರ್ಗ ನಿರ್ಮಿಸುವ ಯೋಜನೆಯನ್ನು ಸ್ಮಾರ್ಟ್ ಸಿಟಿ ಅಡಿಯಲ್ಲಿ ಕೈಗೆತ್ತಿಕೊಳ್ಳಲಾಗಿದೆ. ಜನ ಹಳ್ಳದ ಹತ್ತಿರ ಬಂದರೆ ಅದರ ಮೇಲೆ ಕಣ್ಣಿಡುತ್ತಾರೆ ಎಂಬ ವಾದದಲ್ಲಿ ತಥ್ಯವಿದೆ. ಆದರೆ ಜಗತ್ತೆಲ್ಲ ಹೊಗಳುವ, 2005ರಲ್ಲಿ ಪುನಶ್ಚೇತನ ಪೂರ್ಣಗೊಂಡ, ದಕ್ಷಿಣ ಕೊರಿಯಾದ ಸೋಲ್ ನಗರದ 5.8 ಕಿಲೋಮೀಟರ್ ಉದ್ದದ ಚೊಂಗ್ಯೆಚೊನ್ ಹೊಳೆಯಲ್ಲಿ ಹರಿಯುವುದು ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿ ತಂದ ನೀರು ಎಂಬುದನ್ನು ನಕ್ಷೆ ತೋರಿಸುವವರು ಹೇಳುವುದಿಲ್ಲ. ಕುಡಿಯುವ ನೀರನ್ನೇ ಮಲಪ್ರಭಾ ಜಲಾಶಯದಿಂದ ಎತ್ತಿ ತರುವ ನಮಗೆ ಆ ಐಷಾರಾಮ ಸಾಧ್ಯವಿಲ್ಲ. ದಂಡೆ ಕಟ್ಟಲೇಬೇಕಾದಲ್ಲಿ ತಳವನ್ನು ಮಣ್ಣಾಗಿಯೇ ಬಿಟ್ಟು, ಇಳಿಜಾರಿಗೆ ಕಲ್ಲು, ಲಾವಂಚ, ಹೊಂಗೆ ಬಳಸಬಹುದು.

ಹಣದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಕಟ್ಟಲು ಕೇಂದ್ರ ಸರ್ಕಾರದ ಅಮೃತ್‌ನಂಥ ಯೋಜನೆಗಳಿಂದ ಅನುದಾನ ಸಿಗುತ್ತದೆ, ನಡೆಸಲು ಸಿಗುವುದಿಲ್ಲ. ಘಟಕಗಳ ವಿದ್ಯುತ್ ಬಿಲ್, ನೌಕರರ ಸಂಬಳ ಮತ್ತು ಬಿಡಿಭಾಗಗಳಿಗೆ ಪಾಲಿಕೆಯ ಬಜೆಟ್ಟಿನಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯದೆ ಶಂಕುಸ್ಥಾಪನೆ ಮಾಡಬಾರದು.

ಫಲಿತಾಂಶವನ್ನು ಅಳೆಯಲು ಪ್ರತಿ ಹಳ್ಳದ ಮೇಲ್ಭಾಗ, ನಡುಭಾಗ ಮತ್ತು ನಗರದಿಂದ ಹೊರಬೀಳುವ ಜಾಗಗಳಲ್ಲಿ ತಿಂಗಳಿಗೊಮ್ಮೆ ಮಾದರಿ ತೆಗೆಯಬೇಕು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ನೀರಿನಲ್ಲಿರುವ ಹೊಲಸನ್ನು ಕೊಳೆಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಪ್ರಮಾಣ, ಲೀಟರಿಗೆ 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆಯಿರಬಾರದು. ಆ ಮಟ್ಟ ಮೊದಲ ವರ್ಷಗಳಲ್ಲಿ ಸಿಗುವಂಥದ್ದಲ್ಲ. ಹಿಂದಿನ ವರ್ಷದ ಅದೇ ತಿಂಗಳಿಗಿಂತ ಈ ವರ್ಷ ಎಷ್ಟು ಸುಧಾರಿಸಿದೆ ಎಂಬ ಹೋಲಿಕೆಯೇ ಉಪಯುಕ್ತ. ಮಾದರಿಯನ್ನು ಬೆಳಗಿನ ಜಾವ, ಆಮ್ಲಜನಕ ಅತ್ಯಂತ ಕಡಿಮೆಯಿರುವ ಹೊತ್ತಿನಲ್ಲಿ ತೆಗೆಯಬೇಕು, ಮಳೆಯ ಮರುದಿನ ತೆಗೆದದ್ದಾದರೆ ಹಾಗೆಂದು ನಮೂದಿಸಬೇಕು, ಮತ್ತು ಅಂಕಿಗಳನ್ನು ವಲಯ ಕಚೇರಿಯ ಫಲಕದಲ್ಲಿ ಕನ್ನಡದಲ್ಲಿ ಹಚ್ಚಬೇಕು.