ದ್ರಾಕ್ಷಿ ತೋಟದ ಊರು ಉಪನಗರ ಆಗಿದ್ದನ್ನು ನೋಡುವುದು ಹೇಗೆ? ಆಥೆನ್ಸ್ ಪಕ್ಕದ ಸ್ಪಾಟಾದಲ್ಲಿ ಅರ್ಧ ದಿನ

ಆಥೆನ್ಸ್‌ನಲ್ಲಿ ವಿಮಾನ ಇಳಿಯುವಾಗ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಫೋನ್ ಪಕ್ಕಕ್ಕಿಟ್ಟು ಕೆಳಗೆ ನೋಡಿ. ನಾಲ್ಕು ಹೆಂಚಿನ ಮನೆ, ಒಂದು ಗೋದಾಮು, ನಡುವೆ ಒಂದು ತುಂಡು ದ್ರಾಕ್ಷಿ ತೋಟ, ಮತ್ತೆ ಮನೆ. ಇದು ಮೆಸೊಗೇಯಾ ಬಯಲು. ಸ್ಪಾಟಾ, ಕೊರೊಪಿ, ಪೆಯಾನಿಯಾ, ಮಾರ್ಕೊಪುಲೊ ಎಲ್ಲ ಇಲ್ಲೇ. ಒಂದು ಕಾಲಕ್ಕೆ ಆಥೆನ್ಸ್‌ಗೆ ವೈನು, ಆಲಿವ್ ಎಣ್ಣೆ ಕಳಿಸುತ್ತಿದ್ದ ಊರುಗಳು, ಈಗ ಬೆಳಿಗ್ಗೆ ಜನರನ್ನು ಕಳಿಸಿ ಸಂಜೆ ವಾಪಸ್ ಕರೆಸಿಕೊಳ್ಳುತ್ತವೆ.

ಎಲ್ಲರೂ ನೇರ ಆಕ್ರೊಪೊಲಿಸ್‌ಗೆ ಓಡುತ್ತಾರೆ. ನೀವು ಅರ್ಧ ದಿನ ಉಳಿಸಿಕೊಂಡು ಸ್ಪಾಟಾಗೆ ಹೋಗಿ. ಊರೊಳಗೆ ಮೆಟ್ರೊ ಇಲ್ಲ, ಬಸ್ಸೋ ಟ್ಯಾಕ್ಸಿಯೋ ಹಿಡಿಯಬೇಕು.

ಮೊದಲು ಚೌಕಕ್ಕೆ ಹೋಗಬೇಡಿ, ಊರಂಚಿನ ತೋಟಕ್ಕೆ ಹೋಗಿ. ನಮ್ಮಲ್ಲಿಯ ಹಾಗೆ ಚಪ್ಪರ ಕಾಣುತ್ತದೆ ಅಂದುಕೊಂಡು ಹೋದರೆ ಮೋಸ ಹೋಗುತ್ತೀರಿ. ಹಳೆಯ ತೋಟಗಳಲ್ಲಿ ಕಂಬವೂ ಇಲ್ಲ, ತಂತಿಯೂ ಇಲ್ಲ. ಮೊಣಕಾಲೆತ್ತರದ ದಪ್ಪ ಮೋಟು ಬುಡಗಳು ಒಂದೊಂದೇ ಬಿಡಿಯಾಗಿ ನಿಂತಿರುತ್ತವೆ. ಚಳಿಗಾಲದಲ್ಲಿ ಚಾಟ್ನಿ ಮಾಡಿದ, ಅಂದರೆ ಕೊಂಬೆ ಸವರಿದ ಮೇಲಂತೂ ನೆಲದಿಂದ ಎದ್ದ ಮುಷ್ಟಿಗಳ ಹಾಗೆ ಕಾಣುತ್ತವೆ. ತಳಿ ಹೆಚ್ಚಾಗಿ ಸವ್ವಾಟಿಯಾನೊ, ಮಳೆ ಕಮ್ಮಿಯಾದರೂ ತಡೆದುಕೊಳ್ಳುವ ಬಿಳಿ ದ್ರಾಕ್ಷಿ. ಇದರ ರಸಕ್ಕೆ ಪೈನ್ ಮರದ ಅಂಟು ಸೇರಿಸಿ ರೆತ್ಸಿನಾ ಮಾಡುತ್ತಾರೆ. ಹೋಟೆಲ್‌ನಲ್ಲಿ ಬಾಟಲಿ ಕೇಳಬೇಡಿ, ‘ಹೀಮಾ’ ಅನ್ನಿ, ಪೀಪಾಯಿಯಿಂದ ಅಳೆದು ಕೊಡುವ ಬಿಡಿ ವೈನು ಬರುತ್ತದೆ. ಮೊದಲ ಗುಟುಕು ಟರ್ಪೆಂಟೈನ್ ಕುಡಿದ ಹಾಗಿರುತ್ತದೆ, ಎರಡನೇ ಲೋಟಕ್ಕೆ ಸರಿಹೋಗುತ್ತದೆ.

ಆಮೇಲೆ ಅಳತೆ. ಇದೇ ಮುಖ್ಯ, ಇದನ್ನು ಬಿಟ್ಟರೆ ಏನೂ ಅರ್ಥವಾಗುವುದಿಲ್ಲ. ಗ್ರೀಸ್‌ನಲ್ಲಿ ಜಮೀನನ್ನು ಸ್ಟ್ರೆಮ್ಮಾದಲ್ಲಿ ಅಳೆಯುತ್ತಾರೆ. ಒಂದು ಸ್ಟ್ರೆಮ್ಮಾ ಅಂದರೆ 1000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 10 ಗುಂಟೆ. ಊರ ನಕ್ಷೆಯ ಹೊರಗಿದ್ದರೂ 4 ಸ್ಟ್ರೆಮ್ಮಾ, ಅಂದರೆ ಹತ್ತಿರ ಹತ್ತಿರ ಒಂದು ಎಕರೆ ಇದ್ದರೆ ಮನೆ ಕಟ್ಟಬಹುದು ಅನ್ನುವ ನಿಯಮ ದಶಕಗಳ ಕಾಲ ನಡೆಯಿತು. ಅಪ್ಪನ ಜಮೀನು ಮಕ್ಕಳಿಗೆ ಪಾಲಾಗುತ್ತದೆ, ಮಗಳಿಗೆ ವರದಕ್ಷಿಣೆಯಾಗಿ ಒಂದು ತುಂಡು ಹೋಗುತ್ತದೆ (ವರದಕ್ಷಿಣೆಯನ್ನು ಅಲ್ಲಿ ಕಾನೂನಿನಿಂದ ತೆಗೆದದ್ದು 1983ರಲ್ಲಿ). ಸಿಟಿ ಹತ್ತಿರ ಬಂದಾಗ ಆ ತುಂಡಿನಲ್ಲಿ ದ್ರಾಕ್ಷಿಗಿಂತ ಮನೆಗೇ ಬೆಲೆ ಜಾಸ್ತಿ, ಅಲ್ವಾ? ತೋಟದ ನಡುವೆ ಒಂಟಿ ಮನೆ ಕಂಡಾಗಲೆಲ್ಲ ಈ ಲೆಕ್ಕ ಹಾಕಿ ನೋಡಿ. ಪರವಾನಗಿ ಇಲ್ಲದೆ ಎದ್ದ ಮನೆಗಳೂ ಕಮ್ಮಿಯಿಲ್ಲ. ಅವಕ್ಕೆ ‘ಅಫ್ಥೇರೆತಾ’ ಅನ್ನುತ್ತಾರೆ, ಗ್ರೀಸ್‌ನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಪದ.

ರೈಲು ಬಂತು, ಊರು ಸಿಟಿಯಾಯಿತು ಅಂತ ಸುಮ್ನೆ ಬರೆದುಕೊಳ್ಳಬೇಡಿ. ಆಥೆನ್ಸ್‌ನಿಂದ ಕೊರೊಪಿ, ಮಾರ್ಕೊಪುಲೊ ಮೇಲೆ ಲಾವ್ರಿಯೊ ಗಣಿ ಊರಿಗೆ 1885ರಲ್ಲೇ ರೈಲು ಹೋಗುತ್ತಿತ್ತು. 1957ರಲ್ಲಿ ನಿಂತೇಹೋಯಿತು. ಎಪ್ಪತ್ತು ವರ್ಷ ರೈಲು ಓಡಿದರೂ ಇವು ಹಳ್ಳಿಗಳಾಗಿಯೇ ಇದ್ದವು! ಬದಲಾದದ್ದು ಮನೆಗೊಂದು ಕಾರು ಬಂದ ಮೇಲೆ. ಅದರ ಮೇಲೆ 2001ರ ಮಾರ್ಚ್‌ನಲ್ಲಿ ಸ್ಪಾಟಾದ ತೋಟಗಳಿದ್ದ ಜಾಗದಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಆಟ್ಟಿಕಿ ಓಡೋಸ್ ಹೆದ್ದಾರಿ ಬಂತು, 2004ರ ಒಲಿಂಪಿಕ್ಸ್ ಹೊತ್ತಿಗೆ ನಿಲ್ದಾಣದವರೆಗೆ ಮೆಟ್ರೊನೂ ಬಂತು. ಹಾಗಾಗಿ ಬೆಳಿಗ್ಗೆ ಏಳೂವರೆಗೆ ಹೆದ್ದಾರಿ ಹತ್ತುವ ಜಾಗದಲ್ಲಿ ಹತ್ತು ನಿಮಿಷ ನಿಲ್ಲಿ. ಕಾರು ಯಾವ ಕಡೆ ತಿರುಗುತ್ತದೆ ನೋಡಿದರೆ ಊರಿನ ಸಂಬಳ ಎಲ್ಲಿಂದ ಬರುತ್ತದೆ ಅಂತ ತಿಳಿಯುತ್ತದೆ.

ಈಗ ಚೌಕಕ್ಕೆ ಬನ್ನಿ. ಕಫೆನಿಯೊದಲ್ಲಿ, ಅಂದರೆ ಊರ ಕಾಫಿ ಅಂಗಡಿಯಲ್ಲಿ, ಕೂತ ವಯಸ್ಸಾದವರಿಗೆ ‘ಕಲಿಮೇರಾ’ (ಶುಭೋದಯ) ಹೇಳಿ ಕೂತುಕೊಳ್ಳಿ. ಮನೆ ಬೆಲೆ ಕೇಳಬೇಡಿ, ಈ ಸಲ ಬೆಳೆ ಹೇಗೆ ಅಂತ ಕೇಳಿ. ಈ ಬಯಲಿನ ಹಳೆಯ ಮನೆತನಗಳು ಆರ್ವನೈಟ್ ಜನ, ಅವರ ಅಜ್ಜ ಅಜ್ಜಿಯರ ಮನೆಮಾತು ಅಲ್ಬೇನಿಯನ್‌ಗೆ ಸೇರಿದ ಆರ್ವನಿಟಿಕಾ. ಮಾತು ಕುದುರಿದರೆ ಹಳೆಯ ಹೆಸರುಗಳು ತಾವಾಗಿಯೇ ಬರುತ್ತವೆ: ಪೆಯಾನಿಯಾ 1915ರವರೆಗೆ ಲಿಯೋಪೆಸಿ, ಸಮುದ್ರದಂಚಿನ ಆರ್ತೆಮಿದಾ ಈಗಲೂ ತುಂಬ ಜನರ ಬಾಯಲ್ಲಿ ಲೂತ್ಸಾ. ಹಳೆಯ ಹೆಸರು ಹೇಳುವವರು ಊರವರು, ಬೋರ್ಡಿನ ಹೆಸರು ಹೇಳುವವರು ಹೊಸದಾಗಿ ಮನೆ ಮಾಡಿದವರು. ಇದು ನನ್ನದೇ ಅಂದಾಜು, ಪೂರ್ತಿ ನಂಬಬೇಡಿ.

ಮಾಲ್ ಕಡೆ ಹೋಗಲೇಬೇಕೆಂದಿಲ್ಲ, ಎಲ್ಲ ಕಡೆ ಇರುವಂಥದ್ದೇ.

ವಾಪಸ್ ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಬೇಕಾದ್ದಕ್ಕಿಂತ ಒಂದು ಗಂಟೆ ಮುಂಚೆ ಬನ್ನಿ. ಟರ್ಮಿನಲ್ ಒಳಗೇ ಒಂದು ಸಣ್ಣ ಮ್ಯೂಸಿಯಂ ಇದೆ, ಅಲ್ಲಿರುವುದು ಮೆಸೊಗೇಯಾದ ಮಣ್ಣಲ್ಲಿ ಸಿಕ್ಕಿದ ಸಾಮಾನು. ಕಾಮಗಾರಿಗೆ ಅಡ್ಡ ಬಂದ ಒಂದು ಹಳೆಯ ಚರ್ಚನ್ನು ಮಾತ್ರ ಒಡೆಯಲಿಲ್ಲ, ಇಡಿಯಾಗಿ ಎತ್ತಿ ಆಚೆ ಇಟ್ಟರು. ಬಳ್ಳಿಗಳಿಗೆ ಆ ಅದೃಷ್ಟ ಇರಲಿಲ್ಲ.